ಹೆಣ್ಮಕ್ಕಳ ಸ್ಕೂಲಾ, ಕೋ-ಎಜುಕೇಶನ್ನಾ? ಟಿಸಿ ಇಸ್ಕೊಳೋ ಮುಂಚೆ ಇಷ್ಟು ನೋಡ್ಕೊಳಿ

ಏಪ್ರಿಲ್ ಬಂತು ಅಂದ್ರೆ ನಮ್ಮನೆ ಗೇಟ್ ಹತ್ರ ಒಂದೇ ಪ್ರಶ್ನೆ. ನಾನು ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆ ಹಾಲಲ್ಲೇ ಚಾಪೆ ಹಾಕಿ ಎಂಟರಿಂದ ಹತ್ತನೇ ಕ್ಲಾಸ್ ಮಕ್ಕಳಿಗೆ ಮ್ಯಾತ್ಸು ಸೈನ್ಸು ಟ್ಯೂಷನ್ ಹೇಳ್ತೀನಿ, ಹದಿನಾಲ್ಕು ವರ್ಷ ಆಯ್ತು, ಹಾಗಾಗಿ ಬೀದಿಯವರಿಗೆಲ್ಲ ನಾನೇ ಅಡ್ಮಿಶನ್ ಆಫೀಸು. ಈ ಸಲ ಮೊದಲು ಬಂದಿದ್ದು ಹೂವಿನ ವ್ಯಾಪಾರ ಮಾಡೋ ಹಿಂದಿನ ಬೀದಿಯವಳು. "ಅಕ್ಕಾ, ಇವಳ್ದು ಏಳನೇ ಕ್ಲಾಸ್ ಮುಗೀತು. ಅವರಪ್ಪ ಹೆಣ್ಮಕ್ಕಳ ಸ್ಕೂಲೇ ಆಗ್ಬೇಕು ಅಂತವ್ರೆ, ಇವಳು ಫ್ರೆಂಡ್ಸ್ ಹೋಗೋ ಕಡೆನೇ ಹೋಗ್ತೀನಿ ಅಂತ ಊಟ ಬಿಟ್ಟು ಕೂತವ್ಳೆ. ಎಲ್ಲಿಗೆ ಹಾಕನ?" ಅಂದ್ಲು. "ಮಗನ್ನ ಹೈಸ್ಕೂಲಿಗೆ ಹಾಕುವಾಗ ಹಿಂಗೆ ಕೇಳಕ್ಕೆ ಬಂದಿದ್ಯಾ?" ಅಂದೆ. "ಅವನಿಗೇನಕ್ಕ, ಗಂಡುಹುಡುಗ" ಅಂತ ನಕ್ಕಳು. ಹದಿನಾಲ್ಕು ವರ್ಷದಲ್ಲಿ ಗಂಡುಮಗುಗೆ ಈ ಪ್ರಶ್ನೆ ಕೇಳಿದವರು ಒಬ್ಬರೂ ಇಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ. ಸ್ಕೂಲ್ ಹೆಸರು ಆಮೇಲೆ, ಮೊದಲು ಏನೇನು ನೋಡ್ಬೇಕು ಅನ್ನೋದು ತೀರ್ಮಾನ ಆಗ್ಲಿ.

ಎಲ್ಲಕ್ಕಿಂತ ಮೊದಲು ದಾರಿ. ಬೆಳಗ್ಗೆ ಮನೆ ಬಿಟ್ಟು ಸಂಜೆ ಮನೆ ಸೇರೋವರೆಗೆ ಎಷ್ಟು ಹೊತ್ತು, ಎಷ್ಟು ಬಸ್ಸು, ಬಸ್‌ಸ್ಟಾಪಿಂದ ಎಷ್ಟು ನಡಿಗೆ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ಕ್ಲಾಸ್ ಸೇರೋ ಹುಡುಗೀರಿಗೆ ಸೈಕಲ್ ತಗೊಳಕ್ಕೆ ಸರ್ಕಾರ ದುಡ್ಡು ಕೊಡಕ್ಕೆ ಶುರು ಮಾಡ್ತು. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ಹೈಸ್ಕೂಲಿಗೆ ಸೇರೋ ಹುಡುಗೀರು ಶೇ. 32ರಷ್ಟು ಜಾಸ್ತಿ ಆಗಿದ್ರು, ಅದೂ ಹೈಸ್ಕೂಲ್ ದೂರ ಇದ್ದ ಹಳ್ಳಿಗಳಲ್ಲೇ ಹೆಚ್ಚು. ಸ್ಕೂಲು ಅದೇ, ಮೇಷ್ಟ್ರು ಅವರೇ, ಬದಲಾಗಿದ್ದು ದಾರಿ ಮಾತ್ರ. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ್ಮೇಲೆ ಹುಡುಗೀರಿಗೆ ಸರ್ಕಾರಿ ಬಸ್ ಫ್ರೀ, ಹಾಗಾಗಿ ಗುಬ್ಬಿಯಿಂದಲೋ ಕೊರಟಗೆರೆಯಿಂದಲೋ ಮಗಳನ್ನ ತುಮಕೂರಿಗೆ ಓದಕ್ಕೆ ಕಳ್ಸೋದು ಮೊದಲಿನಷ್ಟು ಭಾರ ಅಲ್ಲ. ಆದ್ರೆ ಮಧುಗಿರಿ ಪಾವಗಡ ಕಡೆ ನಿಮ್ಮೂರಿಗೆ ಬರೋದು ಬರೀ ಪ್ರೈವೇಟ್ ಬಸ್ಸಾದ್ರೆ ಆ ಫ್ರೀ ನಿಮಗೆ ಸಿಗಲ್ಲ, ಅಲ್ಲದೆ ಫ್ರೀ ಬಸ್ಸಲ್ಲೂ ಬೆಳಗ್ಗೆ ಎಂಟೂವರೆಗೆ ಒಂದು ಕಾಲಿಡೋಕೆ ಜಾಗ ಇರಲ್ಲ. ಒಂದು ದಿನ ಆ ಟೈಮಿಗೇ, ಆ ಬಸ್ಸಲ್ಲೇ ನೀವು ಹೋಗಿ ಬನ್ನಿ, ಸ್ಕೂಟರಲ್ಲಿ ಹೋಗಿ ನೋಡ್ಕೊಂಡು ಬಂದ್ರೆ ಗೊತ್ತಾಗಲ್ಲ.

ಎರಡನೇದು ಮ್ಯಾತ್ಸು, ಸೈನ್ಸು, ಇಂಗ್ಲಿಷ್‌ಗೆ ಖಾಯಂ ಟೀಚರ್ ಇದಾರಾ ಇಲ್ಲ ಗೆಸ್ಟ್ ಟೀಚರ್ ಮೇಲೆ ನಡೀತಿದೆಯಾ. ಗೆಸ್ಟ್ ಟೀಚರ್ ಕೆಟ್ಟವರು ಅಂತಲ್ಲ, ಎಷ್ಟೋ ಜನ ಬಹಳ ಚೆನ್ನಾಗಿ ಮಾಡ್ತಾರೆ, ಆದ್ರೆ ಜೂನಲ್ಲಿ ಅವರು ಬರೋದೇ ಲೇಟು. ಮೂರನೇದು ಟಾಯ್ಲೆಟ್. ಮುಜುಗರ ಬಿಟ್ಟು ಒಳಗೆ ಹೋಗಿ ನೋಡಿ. ನೀರು ಬರುತ್ತಾ, ಬಾಗಿಲಿಗೆ ಚಿಲಕ ಇದೆಯಾ, ಪ್ಯಾಡ್ ಹಾಕಕ್ಕೆ ಡಬ್ಬ ಇದೆಯಾ. ಹುಡುಗ ಹುಡುಗೀರಿಗೆ ಬೇರೆ ಬೇರೆ ಟಾಯ್ಲೆಟ್ ಇರ್ಬೇಕು ಅಂತ 2009ರ ಆರ್‌ಟಿಇ ಕಾಯ್ದೆಲೇ ಇದೆ, ಆದ್ರೆ ಗೋಡೆ ಮೇಲೆ ಬೋರ್ಡ್ ಬರೆದು ಬೀಗ ಹಾಕಿಟ್ರೂ ಅದು ಲೆಕ್ಕಕ್ಕೆ ಬರುತ್ತಲ್ಲ. ನಾಲ್ಕನೇದು, ಹತ್ತನೇ ಆದ್ಮೇಲೆ ಅಲ್ಲೇ ಪಿಯುಸಿ ಇದೆಯಾ. ಐದನೇದು ದುಡ್ಡು. ಆರನೇದು ಮಗು ಸ್ವಭಾವ, ಇದಕ್ಕೆ ಅಂಕಿ ಸಂಖ್ಯೆ ಇಲ್ಲ, ನಿಮಗೇ ಗೊತ್ತಿರೋದು.

ಹುಡುಗರು ಇದಾರಾ ಇಲ್ವಾ ಅನ್ನೋದೇ ಈ ಪಟ್ಟಿಲಿ ಇಲ್ವಲ್ಲ ಅಂತೀರಾ. ಬೇಕಂತಲೇ ಬಿಟ್ಟಿದೀನಿ. ಈ ಆರರಲ್ಲಿ ಎರಡು ಸ್ಕೂಲು ಸಮ ಬಂದಾಗ ಮಾತ್ರ ಅದನ್ನ ನೋಡಿ ಅಂತ ನನ್ನ ಅಭಿಪ್ರಾಯ. ಎರಡು ಬಸ್ ಬದಲಾಯಿಸಿ ಹೋಗೋ ಹೆಣ್ಮಕ್ಕಳ ಸ್ಕೂಲಿಗಿಂತ, ನಡ್ಕೊಂಡು ಹೋಗೋ ದೂರದಲ್ಲಿರೋ, ಒಳ್ಳೆ ಮ್ಯಾತ್ಸ್ ಮೇಷ್ಟ್ರಿರೋ ಕೋ-ಎಜುಕೇಶನ್ ಹೈಸ್ಕೂಲ್ ಸಾವಿರ ಪಾಲು ವಾಸಿ.

"ಹೆಣ್ಮಕ್ಕಳ ಸ್ಕೂಲಲ್ಲಿ ರಿಸಲ್ಟ್ ಚೆನ್ನಾಗಿ ಬರುತ್ತಲ್ಲ ಮೇಡಂ" ಅನ್ನೋರಿಗೆ ಒಂದು ಲೆಕ್ಕ. 2024ರ ಎಸ್ಸೆಸ್ಸೆಲ್ಸಿಲಿ ರಾಜ್ಯದಲ್ಲಿ ಪಾಸಾದ ಹುಡುಗೀರು ಶೇ. 81.11, ಹುಡುಗರು ಶೇ. 65.90. ಅಂದ್ರೆ ಪಾಠದಲ್ಲಿ ಏನೂ ವ್ಯತ್ಯಾಸ ಇಲ್ಲದ, ಎಲ್ಲಾ ರೀತಿಲೂ ಸರಾಸರಿ ಆಗಿರೋ ಎರಡು ಸ್ಕೂಲ್ ತಗೊಂಡ್ರೂ, ಬರೀ ಹುಡುಗೀರಿರೋ ಕಡೆ ನೂರಕ್ಕೆ 81 ಬರುತ್ತೆ, ಅರ್ಧ ಅರ್ಧ ಇರೋ ಕಡೆ 73 ಬರುತ್ತೆ. ಗೇಟ್ ಹತ್ರ ಹಾಕಿರೋ ಫ್ಲೆಕ್ಸ್‌ನಲ್ಲಿ ಈ ಎಂಟು ಮಾರ್ಕಿನ ವ್ಯತ್ಯಾಸ ನೋಡಿ ನಾವು ಸ್ಕೂಲಿಗೆ ಶಭಾಷ್ ಅಂತೀವಿ. ಹಾಗಾಗಿ ಕೋ-ಎಜುಕೇಶನ್ ಸ್ಕೂಲಿಗೆ ಹೋದಾಗ ಒಟ್ಟು ರಿಸಲ್ಟ್ ಕೇಳ್ಬೇಡಿ, ಹುಡುಗೀರದ್ದು ಬೇರೆ ಎಷ್ಟು ಅಂತ ಕೇಳಿ, ಅದನ್ನ ಹೆಣ್ಮಕ್ಕಳ ಸ್ಕೂಲಿನ ಜೊತೆ ಹೋಲಿಸಿ. ಹೆಚ್‌ಎಂ ಹತ್ರ ಆ ಲೆಕ್ಕ ಇದ್ದೇ ಇರುತ್ತೆ.

ಹೊರದೇಶದಲ್ಲಿ ಇದನ್ನ ಬಹಳ ಅಳೆದು ನೋಡಿದಾರೆ. 2014ರಲ್ಲಿ 184 ಅಧ್ಯಯನ ಒಟ್ಟುಗೂಡಿಸಿ, ಸುಮಾರು 16 ಲಕ್ಷ ಮಕ್ಕಳ ಲೆಕ್ಕ ನೋಡಿದ್ರು. ಮನೆ ಪರಿಸ್ಥಿತಿ, ಮೊದಲೇ ಇದ್ದ ಬುದ್ಧಿವಂತಿಕೆ ಎಲ್ಲ ಸರಿದೂಗಿಸಿ ನೋಡಿದ ಮೇಲೆ ಹುಡುಗರಿಗೆ ಬೇರೆ, ಹುಡುಗೀರಿಗೆ ಬೇರೆ ಸ್ಕೂಲ್ ಮಾಡೋದ್ರಿಂದ ಹೇಳ್ಕೊಳೋ ಅಂಥ ಲಾಭ ಕಾಣಲಿಲ್ಲ. ಆದ್ರೆ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮಕ್ಕಳನ್ನ ಹೈಸ್ಕೂಲಿಗೆ ಲಾಟರಿ ಥರ ಹಂಚ್ತಿದ್ರು, ಅಪ್ಪ ಅಮ್ಮ ಆರಿಸೋ ಹಾಗಿರಲಿಲ್ಲ. ಅಲ್ಲಿ ನೋಡಿದ್ರೆ ಹುಡುಗರದ್ದೇ, ಹುಡುಗೀರದ್ದೇ ಸ್ಕೂಲಿಗೆ ಬಿದ್ದ ಮಕ್ಕಳು ಸ್ವಲ್ಪ ಮುಂದಿದ್ರು, ಕಾಲೇಜಿಗೆ ಹೋದವರೂ ಸ್ವಲ್ಪ ಜಾಸ್ತಿ. ಅಂದ್ರೆ ವ್ಯತ್ಯಾಸ ಇದ್ರೂ ಅದು ಸಣ್ಣದು, ಊರಿಂದೂರಿಗೆ ಬದಲಾಗುತ್ತೆ. ಮಾರ್ಕ್ಸ್ ಆಸೆಗೇ ಹೆಣ್ಮಕ್ಕಳ ಸ್ಕೂಲ್ ಹುಡುಕ್ತಿದ್ರೆ ಅಷ್ಟು ತಲೆ ಕೆಡಿಸ್ಕೊಳೋದು ಬೇಡ.

ಹಾಗಾದ್ರೆ ಹೆಣ್ಮಕ್ಕಳ ಸ್ಕೂಲಿಂದ ಏನು ಸಿಗುತ್ತೆ? ನಾನೇ ಓದಿದೋಳು, ಹೇಳ್ತೀನಿ. ನಮ್ಮ ಹೈಸ್ಕೂಲಲ್ಲಿ ಬೆಂಚ್ ಎತ್ತಿ ಹಾಲಿಗೆ ಸಾಗಿಸೋರು ನಾವೇ, ಬೆಲ್ ಹೊಡೆಯೋರು ನಾವೇ, ಆಗಸ್ಟ್ 15ಕ್ಕೆ ಪೆರೇಡ್ ಕಮ್ಯಾಂಡ್ ಕೊಡೋದು ನಾವೇ, ಮೈಕ್ ಸೆಟ್ ಕೈ ಕೊಟ್ರೆ ವೈರ್ ಹಲ್ಲಲ್ಲಿ ಕಚ್ಚಿ ಬಿಡಿಸಿ ಸುತ್ತೋದೂ ನಾವೇ, ಯಾಕಂದ್ರೆ ಬೇರೆ ಯಾರೂ ಇಲ್ವಲ್ಲ. ಲ್ಯಾಬಲ್ಲಿ ಬರೀ ರೀಡಿಂಗ್ ಬರ್ಕೊಂಡು ಕೂರೋದು ಅನ್ನೋದಿರಲಿಲ್ಲ. ಡೇಟ್ ಆದಾಗ ಲಂಗ ಕಲೆ ಆಯ್ತಾ ಅಂತ ಹಿಂದೆ ನಡೆಯೋಳನ್ನ ಜೋರಾಗೇ ಕೇಳ್ತಿದ್ವಿ, ಆ ಮೂರು ದಿನ ಸ್ಕೂಲ್ ತಪ್ಪಿಸ್ತಿದ್ದವರು ಕಮ್ಮಿ. ತುಮಕೂರಲ್ಲಿ ಎಂಪ್ರೆಸ್ ಹೆಣ್ಮಕ್ಕಳ ಸ್ಕೂಲ್ ಇದೆಯಲ್ಲ, ಊರ ಮಧ್ಯೆ, ಸರ್ಕಾರಿ, ಪಿಯುಸಿನೂ ಇದೆ. ಅಂಥ ಕಡೆ ಸೀಟ್ ಸಿಕ್ಕಿ, ನಿಮ್ಮೂರಿಂದ ಒಂದೇ ಬಸ್ ಆದ್ರೆ ದುಡ್ಡಿನ ಲೆಕ್ಕದಲ್ಲೂ ದಾರಿ ಲೆಕ್ಕದಲ್ಲೂ ಅದನ್ನ ಸೋಲಿಸೋದು ಕಷ್ಟ. ಇನ್ನೊಂದು ಮಾತು, ಕೆಲವು ಮನೇಲಿ ಆಯ್ಕೆ ಇರೋದು ಹೆಣ್ಮಕ್ಕಳ ಸ್ಕೂಲು ಮತ್ತೆ ಕೋ-ಎಜುಕೇಶನ್ ನಡುವೆ ಅಲ್ಲ, ಹೆಣ್ಮಕ್ಕಳ ಸ್ಕೂಲು ಮತ್ತೆ ಮದುವೆ ನಡುವೆ. ಅಜ್ಜಿ ತಾತ, ದೊಡ್ಡಪ್ಪ ಎಲ್ಲ ಸೇರಿ "ದೊಡ್ಡೋಳಾದ್ಲು, ಹುಡುಗರ ಜೊತೆ ಕೂರ್ಸೋದು ಬೇಡ" ಅನ್ನೋ ಮನೆಲಿ ವಾದ ಮಾಡ್ತಾ ಕೂರ್ಬೇಡಿ, ಹೆಣ್ಮಕ್ಕಳ ಸ್ಕೂಲಿಗೇ ಹಾಕಿ, ಓದು ನಿಲ್ಲದೇ ಇದ್ರೆ ಸಾಕು.

ಕೊರತೆನೂ ನನ್ನದೇ ಹೇಳ್ತೀನಿ. ಪಿಯುಸಿಗೆ ಕೋ-ಎಜುಕೇಶನ್ ಸೇರಿದೆ. ಹೈಸ್ಕೂಲಲ್ಲಿ ಪ್ರಶ್ನೆ ಕೇಳಿ ಕೇಳಿ ಮೇಷ್ಟ್ರ ತಲೆ ತಿಂದೋಳು ಅಲ್ಲಿ ಮೊದಲ ಎರಡು ತಿಂಗಳು ಬಾಯೇ ಬಿಡಲಿಲ್ಲ. ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಬ್ಯಾಚ್‌ಮೇಟ್ ಹುಡುಗ, ವರ್ನಿಯರ್ ಕ್ಯಾಲಿಪರ್ಸ್ ಅವನ ಕೈಲಿ, ರೀಡಿಂಗ್ ತಪ್ಪು ಓದ್ತಿದಾನೆ ಅಂತ ನನಗೆ ಕಾಣ್ತಿದೆ, ಹೇಳಕ್ಕೆ ನಾಲಿಗೆ ಬರ್ತಿಲ್ಲ. ರೆಕಾರ್ಡಲ್ಲಿ ಇಬ್ಬರದ್ದೂ ತಪ್ಪೇ ಬಂತು, ಇಬ್ಬರಿಗೂ ಕೆಂಪು ಗೆರೆ. ಹೆಣ್ಮಕ್ಕಳ ಸ್ಕೂಲು ನಂಗೆ ಧೈರ್ಯ ಕೊಟ್ಟಿದ್ದು ನಿಜ, ಆದ್ರೆ ಆ ಧೈರ್ಯಕ್ಕೆ ಹುಡುಗರ ಮುಂದೆ ಅಭ್ಯಾಸ ಇರಲಿಲ್ಲ.

ಮತ್ತೆ ಸೇಫ್ಟಿ ಅಂತ ಹಾಕೋರು ಒಂದು ಸಂಜೆ ನಾಲ್ಕೂವರೆಗೆ ಯಾವುದೇ ಹೆಣ್ಮಕ್ಕಳ ಸ್ಕೂಲಿನ ಗೇಟ್ ಹತ್ರ ನಿಂತು ನೋಡಿ, ಬೈಕಲ್ಲಿ ರೌಂಡ್ ಹೊಡೆಯೋರು ಎಷ್ಟು ಜನ ಅಂತ. ತೊಂದ್ರೆ ಆಗೋದು ಕ್ಲಾಸ್‌ರೂಮಲ್ಲಿ ಅಲ್ಲ, ದಾರಿಲಿ, ಬಸ್‌ಸ್ಟಾಂಡಲ್ಲಿ, ಈಗ ಮೊಬೈಲಲ್ಲಿ. ಜೊತೆ ಓದೋ ಹುಡುಗ ಕಣ್ಣಿಗೆ ಕಾಣೋ ಹುಡುಗ, ಅವನ ಮನೆ ಎಲ್ಲಿ ಅಂತ ಹೆಚ್‌ಎಂಗೂ ಗೊತ್ತಿರುತ್ತೆ. ಇನ್‌ಸ್ಟಾಗ್ರಾಮಲ್ಲಿ ಬರೋನು ಯಾರೋ ಏನೋ.

ಇನ್ನು ಕೋ-ಎಜುಕೇಶನ್. ಇದಕ್ಕೆ ಇರೋ ದೊಡ್ಡ ಬಲ ಅಂದ್ರೆ ಮನೆ ಹತ್ರ ಸಿಗೋದು ಇದೇ. ಹಳ್ಳಿ ಕಡೆ ಸರ್ಕಾರಿ ಹೈಸ್ಕೂಲಲ್ಲಿ ಬಹುಪಾಲು ಎಲ್ಲರೂ ಒಟ್ಟಿಗೆ, ಪುಸ್ತಕ, ಬಿಸಿಯೂಟ, ಹಾಲು ಎಲ್ಲ ಸರ್ಕಾರದ್ದೇ. ಕರ್ನಾಟಕ ಪಬ್ಲಿಕ್ ಸ್ಕೂಲ್ ಆದ್ರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು, ಅಣ್ಣ ತಂಗಿ ಒಟ್ಟಿಗೆ ಹೋಗಿ ಒಟ್ಟಿಗೆ ಬರ್ತಾರೆ, ಇದು ಸಣ್ಣ ವಿಷಯ ಅಲ್ಲ. ಪ್ರೈವೇಟ್ ಆದ್ರೆ ನನ್ನ ಟ್ಯೂಷನ್ ಮಕ್ಕಳ ಮನೆಯವರು ವರ್ಷಕ್ಕೆ ಮೂವತ್ತು ನಲವತ್ತು ಸಾವಿರದಿಂದ ಹಿಡಿದು ಲಕ್ಷದವರೆಗೂ ಕಟ್ತಿದಾರೆ, ವ್ಯಾನ್ ಫೀಸ್ ಬೇರೆ. ಆದ್ರೆ ಕೋ-ಎಜುಕೇಶನ್ ಅಂದ ತಕ್ಷಣ ಹುಡುಗ ಹುಡುಗಿ ಸಮ ಅಂತ ಆಗಿಬಿಡಲ್ಲ. ಸ್ಕೂಲ್‌ಡೇ ದಿನ ಹೋಗಿ ನೋಡಿ. ಬೆಂಚ್ ಎತ್ತಕ್ಕೆ ಹುಡುಗರು, ರಂಗೋಲಿ ಹಾಕಕ್ಕೆ, ಗೆಸ್ಟ್‌ಗೆ ಆರತಿ ತಟ್ಟೆ ಹಿಡಿಯಕ್ಕೆ ಹುಡುಗೀರು. ಮೈಕಲ್ಲಿ ಸ್ವಾಗತ ಹೇಳೋಳು ಹುಡುಗಿ, ಕ್ರಿಕೆಟ್ ಕಿಟ್ ಹುಡುಗರಿಗೆ, ಹುಡುಗೀರಿಗೆ ಒಂದು ಥ್ರೋಬಾಲು, ಅದೂ ಗಾಳಿ ಇಲ್ಲದ್ದು. ಹಂಗಿರೋ ಕಡೆ ಮಗಳು ಐದು ವರ್ಷ ಹಿಂದಿನ ಸಾಲಲ್ಲಿ ಕೂತ್ಕೊಂಡು ಬರೋದು ಖಂಡಿತ. ಚೆನ್ನಾಗಿ ನಡೆಸೋ ಕಡೆ ಮಾತ್ರ ನೋಡಕ್ಕೇ ಖುಷಿ. ನನ್ನ ಹತ್ರ ಬರೋ ಒಬ್ಬಳು ಹಳ್ಳಿ ಸರ್ಕಾರಿ ಸ್ಕೂಲ್ ಹುಡುಗಿ, ಪಕ್ಕದಲ್ಲಿ ಕೂತ ಹುಡುಗ ತ್ರಿಕೋನಮಿತಿ ಲೆಕ್ಕ ತಪ್ಪು ಮಾಡಿದ್ರೆ "ಲೋ, ಸೈನ್ ಅಲ್ಲ ಕಣೋ ಕಾಸ್" ಅಂತ ಅವನ ಪೆನ್ನೇ ಕಿತ್ಕೊಂಡು ತಿದ್ದುತಾಳೆ. ಹದಿನಾರನೇ ವಯಸ್ಸಲ್ಲಿ ನನ್ನ ಕೈಲಿ ಆಗದೇ ಇದ್ದ ಕೆಲಸ ಇವಳು ಹದಿನಾಲ್ಕಕ್ಕೇ ಮಾಡ್ತಾಳೆ.

ಇವೆರಡರ ಮಧ್ಯೆ ಇನ್ನೊಂದು ಜಾತಿ ಇದೆ, ಹೆಸರಿಗೆ ಕೋ-ಎಜುಕೇಶನ್, ಒಳಗೆ ಬೇರೆ ಬೇರೆ. ನಾನು ಎಲ್ಲಕ್ಕಿಂತ ಹುಷಾರಾಗಿರಿ ಅನ್ನೋದು ಇದರ ವಿಷಯದಲ್ಲೇ. ಪ್ರೈವೇಟ್ ಸ್ಕೂಲು, ಅದರಲ್ಲೂ ನೀಟು ಸಿಇಟಿ ಕೋಚಿಂಗ್ ಕೊಡೋ ಪಿಯು ಕಾಲೇಜುಗಳಲ್ಲಿ ಇದು ಜಾಸ್ತಿ. ಎ ಸೆಕ್ಷನ್ ಹುಡುಗೀರು, ಬಿ ಸೆಕ್ಷನ್ ಹುಡುಗರು, ಮೆಟ್ಟಿಲು ಬೇರೆ, ಇಂಟರ್ವಲ್ ಟೈಮೂ ಬೇರೆ. ಒಂದು ಸ್ಕೂಲಲ್ಲಿ ನೋಟ್ಸ್ ಇಸ್ಕೊಳಕ್ಕೆ ಒಬ್ಬ ಹುಡುಗನ ಹತ್ರ ಮಾತಾಡಿದ್ದಕ್ಕೆ ನನ್ನ ಟ್ಯೂಷನ್ ಹುಡುಗಿ ಮನೆಗೆ ಫೋನ್ ಹೋಗಿತ್ತು, ಆ ಹುಡುಗನ ಮನೆಗೆ ಹೋಗಿರಲಿಲ್ಲ. ಅವಳು ಒಂದು ವಾರ ಟ್ಯೂಷನ್ನಿಗೂ ಬರಲಿಲ್ಲ, ಬಂದ್ಮೇಲೂ ಮೂಲೇಲಿ ಗೋಡೆ ಕಡೆ ತಿರುಗಿ ಕೂರೋಳು. ಹೆಣ್ಮಕ್ಕಳ ಸ್ಕೂಲಲ್ಲಾದ್ರೆ ಲೀಡರ್ ಆಗೋಳು, ನಿಜವಾದ ಕೋ-ಎಜುಕೇಶನಲ್ಲಾದ್ರೆ ಮಾತಾಡಿ ಅಭ್ಯಾಸ ಆಗೋದು. ಇಲ್ಲಿ ಎರಡೂ ಇಲ್ಲ, ಜೊತೆಗೆ ಹುಡುಗ ಅಂದ್ರೆ ಏನೋ ಅಪಾಯ ಅನ್ನೋ ಪಾಠ ಬೇರೆ, ಅದಕ್ಕೆ ಫೀಸೂ ಕಟ್ತೀವಿ. ಕೆಲವು ಅಪ್ಪ ಅಮ್ಮಂದಿರಿಗೆ ಇದೇ ಸಮಾಧಾನ ಅನ್ಸುತ್ತೆ, ಗೊತ್ತು. ಅಡ್ಮಿಶನ್‌ಗೆ ಹೋದಾಗ "ಸೆಕ್ಷನ್ ಹೆಂಗೆ ಮಾಡ್ತೀರಾ, ಹುಡುಗ ಹುಡುಗಿ ಮಾತಾಡಿದ್ರೆ ಏನು ಮಾಡ್ತೀರಾ" ಅಂತ ನೇರವಾಗಿ ಕೇಳಿ. "ನಮ್ಮಲ್ಲಿ ಆ ಥರದ್ದೆಲ್ಲ ನಡೆಯಲ್ಲ ಮೇಡಂ" ಅಂತ ಎದೆಯುಬ್ಬಿಸಿ ಹೇಳಿದ್ರೆ ನಾನಂತೂ ಅಪ್ಲಿಕೇಶನ್ ವಾಪಸ್ ಇಟ್ಟು ಬರ್ತೀನಿ.

ರೆಸಿಡೆನ್ಶಿಯಲ್ ಸ್ಕೂಲು ಬೇಕು ಅನ್ನೋರಿಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಏಳನೇ ಕ್ಲಾಸ್ ಮುಗಿದ್ಮೇಲೆ ಬಂದ್ರೆ ಬಹುಪಾಲು ಬಾಗಿಲು ಮುಚ್ಚಿರುತ್ತೆ. ನವೋದಯ, ಮೊರಾರ್ಜಿ, ಆಮೇಲೆ ಡೇ ಸ್ಕೂಲಾದ್ರೂ ಆದರ್ಶ ವಿದ್ಯಾಲಯ, ಇವಕ್ಕೆಲ್ಲ ಐದನೇ ಕ್ಲಾಸಲ್ಲೇ ಪರೀಕ್ಷೆ ಬರೆದು ಆರಕ್ಕೆ ಸೇರ್ಬೇಕು, ಬಹುಪಾಲು ಕೋ-ಎಜುಕೇಶನ್. ನವೋದಯದಲ್ಲಿ ಮೂರನೇ ಒಂದು ಭಾಗ ಸೀಟು ಹುಡುಗೀರಿಗೆ, 75 ಪರ್ಸೆಂಟ್ ಹಳ್ಳಿ ಮಕ್ಕಳಿಗೆ, ಹುಡುಗೀರಿಗೆ ಫೀಸೇ ಇಲ್ಲ. ಬರೀ ಹೆಣ್ಮಕ್ಕಳಿಗೆ ಅಂದ್ರೆ 2004ರಲ್ಲಿ ಶುರುವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಹಿಂದುಳಿದ ತಾಲೂಕುಗಳಿಗೆ ಅಂತ ಮಾಡಿದ್ದು, ಓದು ಮಧ್ಯದಲ್ಲಿ ಬಿಟ್ಟ ಹುಡುಗೀರನ್ನೂ ತಗೋತಾರೆ. ಗಂಡುಮಕ್ಕಳಿಗೆ ನಮ್ಮ ಸಿದ್ಧಗಂಗೆ ಇದ್ದೇ ಇದೆ, ನಮ್ಮನೆಯಿಂದ ನಡ್ಕೊಂಡೇ ಹೋಗೋ ದೂರ, ಊಟ, ವಸತಿ, ಓದು ಎಲ್ಲ ಉಚಿತ. ಜನ ಅಷ್ಟಾಗಿ ಯೋಚನೆ ಮಾಡದೇ ಇರೋ ಇನ್ನೊಂದು ದಾರಿ ಇದೆ, ಮಗಳನ್ನ ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ಲೋ ಸಮಾಜ ಕಲ್ಯಾಣದ ಹಾಸ್ಟೆಲ್ಲೋ ಹೆಣ್ಮಕ್ಕಳದ್ದಕ್ಕೆ ಸೇರಿಸಿ, ಪಕ್ಕದ ಕೋ-ಎಜುಕೇಶನ್ ಸ್ಕೂಲಲ್ಲಿ ಓದಿಸೋದು. ಇರೋದು ಹುಡುಗೀರ ಜೊತೆ, ಓದೋದು ಎಲ್ಲರ ಜೊತೆ. ದೂರದ ಊರಿನವರಿಗೆ ನಾನು ಮೊದಲು ಹೇಳೋದೇ ಇದನ್ನ. ಹಾಸ್ಟೆಲ್ ವಾರ್ಡನ್ ರಾತ್ರಿ ಅಲ್ಲೇ ಇರ್ತಾರಾ ಅಂತ ಮಾತ್ರ ವಿಚಾರಿಸ್ಕೊಳಿ.

ಈಗ ಗಂಡುಮಕ್ಕಳ ವಿಷಯ. ಎರಡು ವರ್ಷದ ಹಿಂದೆ ಬರೀ ಹುಡುಗರ ಹಾಸ್ಟೆಲಲ್ಲಿ ಮೂರು ವರ್ಷ ಇದ್ದು ಬಂದ ಒಬ್ಬ ಹುಡುಗ ನನ್ನ ಹತ್ರ ಸೇರಿದ. ಬುದ್ಧಿವಂತ, ವಿನಯ, ಬಂದ ಕೂಡಲೇ ಕಾಲಿಗೆ ನಮಸ್ಕಾರ. ಒಂದಿನ ಎದುರಿಗಿದ್ದ ಹುಡುಗಿನ ತೋರ್ಸಿ ಅವನಿಗೆ "ನಿನ್ನ ನೋಟ್‌ಬುಕ್ ಅವಳಿಗೆ ಕೊಡಪ್ಪ" ಅಂದೆ. ಕೈಗೆ ಕೊಡಲಿಲ್ಲ. ಚಾಪೆ ಮೇಲೆ ಇಟ್ಟು, ಬೆರಳಲ್ಲಿ ಮೆಲ್ಲಗೆ ಅವಳ ಕಡೆ ತಳ್ಳಿದ. ಎಲ್ಲರೂ ನಕ್ಕರು, ಅವನ ಕಿವಿ ಕೆಂಪಾಯ್ತು. ಕೆಟ್ಟ ಹುಡುಗ ಅಲ್ಲವೇ ಅಲ್ಲ, ಅವನಿಗೆ ಅಕ್ಕ ತಂಗಿ ಇಲ್ಲ, ಹುಡುಗಿ ಜೊತೆ ಲೆಕ್ಕದ ಬಗ್ಗೆ ಮಾತಾಡಿದ ಅನುಭವನೇ ಇಲ್ಲ. ಕೈಯಿಂದ ಕೈಗೆ ಪುಸ್ತಕ ಕೊಡೋ ಹಾಗಾಗಕ್ಕೆ ಅವನಿಗೆ ದಸರಾ ರಜೆವರೆಗೂ ಬೇಕಾಯ್ತು. ಇಂಥ ಹುಡುಗನೇ ನಾಳೆ ಆಫೀಸಲ್ಲಿ ಲೇಡಿ ಮ್ಯಾನೇಜರ್ ಕೆಳಗೆ ಕೆಲಸ ಮಾಡ್ಬೇಕು, ಮದುವೆ ಆಗ್ಬೇಕು. ಅಕ್ಕ ತಂಗಿ ಇಲ್ಲದ ಮನೆ ಹುಡುಗನ್ನ ಕೋ-ಎಜುಕೇಶನ್‌ಗೇ ಹಾಕಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಇದರಲ್ಲಿ ನಾನು ರಾಜಿ ಇಲ್ಲ. ಹಾಸ್ಟೆಲ್ ಬಿಟ್ಟು ಬೇರೆ ದಾರಿನೇ ಇಲ್ಲದ ಬಡ ಮನೆಗೆ ಈ ಮಾತು ಅನ್ವಯಿಸಲ್ಲ, ಅಲ್ಲಿ ಊಟ ಓದು ಮೊದಲು. ಕೇರಳದಲ್ಲಿ 2022ರಲ್ಲಿ ಮಕ್ಕಳ ಹಕ್ಕುಗಳ ಆಯೋಗ ಹುಡುಗರದ್ದು ಹುಡುಗೀರದ್ದು ಬೇರೆ ಸ್ಕೂಲೇ ಬೇಡ, ಎಲ್ಲ ಒಂದು ಮಾಡಿ ಅಂತ ಆದೇಶ ಮಾಡಿತ್ತು. ಅಷ್ಟು ದೂರ ನಾನು ಹೋಗಲ್ಲ, ಹೆಣ್ಮಕ್ಕಳ ಸ್ಕೂಲ್ ಮುಚ್ಚಿದ್ರೆ ಓದು ನಿಲ್ಲೋ ಹುಡುಗೀರು ನಮ್ಮ ಕಡೆ ಇನ್ನೂ ಇದಾರೆ.

ಸರಿ, ಯಾರು ಎಲ್ಲಿಗೆ. ಏಳನೇ ಕ್ಲಾಸ್‌ವರೆಗೆ ಯೋಚನೆನೇ ಮಾಡ್ಬೇಡಿ, ಮನೆ ಹತ್ರದ ಕೋ-ಎಜುಕೇಶನ್. ಎಂಟರಿಂದ ಹತ್ತರ ಮೂರು ವರ್ಷವೇ ಕಷ್ಟದ್ದು, ಮೈ ಬದಲಾಗೋ ವಯಸ್ಸು. ಕ್ಲಾಸಲ್ಲಿ ಹುಡುಗರು ಆಡ್ಕೊಂಡ್ರು ಅಂತ ಬಾಯಿ ಮುಚ್ಕೊಂಡು ಕೂರೋ ಮಗಳಾದ್ರೆ, ದಪ್ಪ ಅಂತಲೋ ಕಪ್ಪು ಅಂತಲೋ ಅಡ್ಡಹೆಸರು ಬಿದ್ದು ಒದ್ದಾಡ್ತಿದ್ರೆ, ಆ ಮೂರು ವರ್ಷ ಹೆಣ್ಮಕ್ಕಳ ಸ್ಕೂಲು ಒಂದು ನೆರಳು. ಹುಡುಗೀರೂ ಆಡ್ಕೋತಾರೆ, ಅದು ಬೇರೆ ಮಾತು, ಆದ್ರೆ ಅದಕ್ಕೆ ಅವಳು ತಿರುಗಿ ಹೇಳಬಲ್ಲಳು. ಹಾಗೆ ಮಾಡಿದ್ರೆ ಟ್ಯೂಷನ್ನೋ, ಕಬಡ್ಡಿ ಕ್ಯಾಂಪೋ, ಸ್ಕೌಟ್ಸ್ ಅಂಡ್ ಗೈಡ್ಸೋ, ಹುಡುಗರೂ ಇರೋ ಒಂದು ಜಾಗ ಇಟ್ಕೊಳಿ, ಇಲ್ಲಾಂದ್ರೆ ಪಿಯುಸಿಲಿ ನನ್ನ ಥರ ವರ್ನಿಯರ್ ನೋಡ್ತಾ ನಿಲ್ಬೇಕಾಗುತ್ತೆ. ಈಗಾಗಲೇ ಪೆನ್ ಕಿತ್ಕೊಳೋ ಥರದ ಮಗಳಾದ್ರೆ ಅವಳ ಫ್ರೆಂಡ್ಸ್ ಇರೋ ಕಡೆಯಿಂದ ಕಿತ್ತು ಬೇರೆ ಕಡೆ ಹಾಕೋ ಅಗತ್ಯನೇ ಇಲ್ಲ. ದುಡ್ಡು ಇದೆ ಅಂತ ಪ್ರೈವೇಟ್‌ಗೆ ಹಾಕೋರು ಮೇಲೆ ಹೇಳಿದ ಸೆಕ್ಷನ್ ಪ್ರಶ್ನೆ ಮರೀಬೇಡಿ. ಪಿಯುಸಿಗೆ ಬಂದ್ಮೇಲೆ ಮಗಳನ್ನೇ ಕೇಳಿ.

ಹೂವಿನವಳು ಎರಡೂ ಸ್ಕೂಲ್ ನೋಡ್ಕೊಂಡು ಮೊನ್ನೆ ಬಂದಿದ್ಲು. ಹೆಣ್ಮಕ್ಕಳ ಸ್ಕೂಲಲ್ಲಿ ಮ್ಯಾತ್ಸ್ ಟೀಚರ್ ಇದಾರೆ, ಟಾಯ್ಲೆಟ್ ಕ್ಲೀನು, ಒಂದೇ ಬಸ್ಸು. ಹತ್ರದ ಸ್ಕೂಲಲ್ಲಿ ಮ್ಯಾತ್ಸ್ ಪೋಸ್ಟ್ ಖಾಲಿ, ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ಹುಡುಗೀರು ಇಬ್ಬಿಬ್ಬರು ಹೋಗಿ ಒಬ್ಬಳು ಬಾಗಿಲು ಹಿಡ್ಕೊಂಡು ನಿಲ್ತಾರಂತೆ. "ಫ್ರೆಂಡ್ಸ್ ಅಂತ ಅಳ್ತಿದ್ದೋಳು ಅದನ್ನ ನೋಡಿ ಅವಳೇ ಬೇಡ ಅಂದ್ಲಕ್ಕ" ಅಂದ್ಲು. ಗಂಡ ಗೆದ್ದೆ ಅನ್ಕೊಂಡವ್ನೆ, ಅನ್ಕೊಳ್ಲಿ ಬಿಡು ಅಂದೆ.

ಒಂದು ಮಾತ್ರ, ಹೊಸ ಸ್ಕೂಲಲ್ಲಿ ಸೀಟ್ ಪಕ್ಕಾ ಆಗೋವರೆಗೆ ಹಳೇ ಸ್ಕೂಲಿಂದ ಟಿಸಿ ಇಸ್ಕೊಂಡು ಬರ್ಬೇಡಿ. ಕನ್ನಡ ಮೀಡಿಯಂ ಮಗುನ ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕ್ತಿದ್ರೆ ಬೇಸಿಗೆ ರಜೆಲೇ ಸೈನ್ಸ್ ಪದಗಳನ್ನ ಶುರು ಮಾಡ್ಸಿ, ಜೂನ್‌ವರೆಗೆ ಕಾಯ್ಬೇಡಿ. ಆಧಾರಲ್ಲಿ, ಜಾತಿ ಆದಾಯ ಸರ್ಟಿಫಿಕೇಟಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡ್ಕೊಳಿ, ಹಾಸ್ಟೆಲ್ ಅರ್ಜಿ ನಿಲ್ಲೋದೇ ಅಲ್ಲಿ.